ಮೂರನೆಯ ಬಾವುಟ

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಸಂಜೆ ಹೊತ್ತು ನಾಲ್ಕೈದು ಜನ ನಿವೃತ್ತರು ಸೇರಿ ಕೇರಂ ಆಡುತ್ತೇವೆ. ಹೋದ ತಿಂಗಳು ಒಂದು ದಿನ ಬೋರ್ಡಿಗೆ ಹಾಕುವ ಪುಡಿ ಮುಗಿದುಹೋಗಿತ್ತು. ಎರಡನೇ ಮಹಡಿಯವರು ಮನೆಗೆ ಹೋಗಿ ಮೈಗೆ ಹಚ್ಚುವ ಪೌಡರ್ ಡಬ್ಬಿ ತಂದು ಬೋರ್ಡಿನ ಮೇಲೆ ಉದುರಿಸಿ ಅಂಗೈಯಿಂದ ಸವರಿದರು. ಆ ಘಮ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸ್ಟ್ರೈಕರ್ ಕೆಳಗಿಟ್ಟುಬಿಟ್ಟೆ. ಬೇರೆಯವರಿಗೆ ಆ ವಾಸನೆ ಎಳೆಮಗುವನ್ನು ನೆನಪಿಸುತ್ತದಂತೆ. ನನಗೆ ನೆನಪಾದದ್ದು ಒಂದು ಬಂದೂಕು, ಅದರ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ ಒಬ್ಬ ಹೆಂಗಸು. ನನ್ನ ಬದುಕಿನಲ್ಲಿ ಇನ್ಯಾರನ್ನೂ ನಾನು ಅಷ್ಟು ಮನಸಾರೆ ದ್ವೇಷಿಸಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೇರೆ ಊರಿಗೆ ಮಾತಾಡಬೇಕೆಂದರೆ ಜನ ಕರೆ ಬುಕ್ ಮಾಡಿ ಕಾಯಬೇಕಿದ್ದ ಕಾಲ. ಉದ್ದನೆಯ ಬೋರ್ಡಿನ ಮುಂದೆ ಸಾಲಾಗಿ ಕೂತ ನಾವು ಹುಡುಗಿಯರು, ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ ಊರೂರು ಜೋಡಿಸುತ್ತಿದ್ದೆವು. ನಮ್ಮ ಬೆನ್ನ ಹಿಂದೆ ಓಡಾಡುತ್ತಿದ್ದವರು ಸೂಪರ್‌ವೈಸರ್ ಮೇಡಂ.

ಮೇಡಂಗೆ ನಲವತ್ತೈದು ದಾಟಿತ್ತು. ಮದುವೆಯಾಗಿರಲಿಲ್ಲ. ಜಯನಗರದಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ಒಂದು ರೂಮಿನಲ್ಲಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ, ಸದ್ದೇ ಮಾಡದ ರಬ್ಬರ್ ಚಪ್ಪಲಿ. ಯಾವಾಗ ಬಂದು ಹಿಂದೆ ನಿಂತರೆಂದು ಗೊತ್ತಾಗುತ್ತಿರಲಿಲ್ಲ. ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೂತ ಜಾಗದ ನಂಬರಿನಿಂದ ಕರೆಯುತ್ತಿದ್ದರು. ನನ್ನ ನಂಬರು ಇಪ್ಪತ್ತೇಳು. ಬಾಯಲ್ಲಿ ನಾವೆಲ್ಲ 'ಮೇಡಂ' ಎನ್ನುತ್ತಿದ್ದೆವು. ಮನಸ್ಸಿನಲ್ಲಿ ಬೈಯುವಾಗ ಬಹುವಚನ ನನ್ನ ನೆನಪಿಗೆ ಬರುತ್ತಿರಲಿಲ್ಲ.

ಅರಸೀಕೆರೆಯಲ್ಲಿ ನನ್ನ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಒಂದು ದಿನದ ರಜೆ ಕೇಳಿದೆ. ಇಬ್ಬರು ಆಗಲೇ ರಜೆಯಲ್ಲಿದ್ದಾರೆ, ಆಗುವುದಿಲ್ಲ ಎಂದರು. ಕಾಲಿಗೆ ಬೀಳುವುದೊಂದು ಬಾಕಿ. ಆಗುವುದಿಲ್ಲ ಎಂದರೆ ಆಗುವುದಿಲ್ಲ. ಆಪರೇಷನ್ನಿನ ದಿನ, ಶುಕ್ರವಾರ, ಬೋರ್ಡಿನ ಮುಂದೆ ಕೂತವಳಿಗೆ ತಡೆಯಲಾಗಲಿಲ್ಲ. ಅರಸೀಕೆರೆಯ ಲೈನು ನನ್ನ ಕೈಯಲ್ಲೇ ಇತ್ತು. ಪಕ್ಕದ ಮನೆಯವರ ಫೋನಿಗೆ ಜೋಡಿಸಿಕೊಂಡು ಎರಡು ನಿಮಿಷ ಮಾತಾಡಿದೆ. ಆಪರೇಷನ್ ಮುಗಿದಿದೆ, ಒಳಗೆ ಕರೆದುಕೊಂಡು ಹೋಗುವವರೆಗೂ ಅಮ್ಮ 'ಮಗಳು ಬಂದ್ಲಾ, ಮಗಳು ಬಂದ್ಲಾ' ಎಂದು ಕೇಳುತ್ತಲೇ ಇದ್ದರು ಎಂದು ಅವರು ಹೇಳಿದರು. ಅಳು ಬಂತು. ಆಗ ಹೆಡ್‌ಸೆಟ್ಟಿನೊಳಗಿಂದಲೇ ಮೇಡಂ ದನಿ ಕೇಳಿಸಿತು.

"ಮುಗೀತಾ, ಇಪ್ಪತ್ತೇಳು?"

ತಮ್ಮ ಮೇಜಿನಿಂದ ನನ್ನ ಲೈನಿಗೆ ಸೇರಿಕೊಂಡು ಪೂರ್ತಿ ಕೇಳಿಸಿಕೊಂಡಿದ್ದರು. ಸೋಮವಾರ ನನ್ನ ಕೈಗೆ ಮೆಮೋ ಬಂತು. ಅದರ ಪ್ರತಿ ನೋಟಿಸ್ ಬೋರ್ಡಿಗೂ ಬಿತ್ತು. ನನ್ನ ಅಮ್ಮನ ಹೊಟ್ಟೆಯ ವಿಷಯ ಮೂವತ್ತು ಜನ ನಿಂತು ಓದಿದರು. ಅಮ್ಮ ಉಳಿದುಕೊಂಡರು. ಆದರೆ ಆಮೇಲೆ ಎಷ್ಟೋ ವರ್ಷ, ಮಾತು ಮಾತಿಗೆ, 'ನೀನು ಆವತ್ತು ಬರ್ಲಿಲ್ಲ' ಎನ್ನುವುದನ್ನು ಬಿಡಲಿಲ್ಲ.

ಇಂಥ ಹೆಂಗಸಿನ ಪಕ್ಕ ಎರಡು ವರ್ಷ ಪ್ರತಿ ಭಾನುವಾರ ನಾನು ಕೂತೆ ಎಂದರೆ ನಂಬುವುದು ಕಷ್ಟ.

ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದಾಗ ನಾನು ಚೆನ್ನಾಗಿ ಗುರಿ ಹೊಡೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಆ ಚಟ ಮತ್ತೆ ಎದ್ದಿತು. ಉತ್ತರಹಳ್ಳಿಯ ಆಚೆ, ಕಲ್ಲು ತೆಗೆದು ಬಿಟ್ಟಿದ್ದ ಒಂದು ಹಳೆಯ ಕ್ವಾರಿಯಲ್ಲಿ ಸಣ್ಣದೊಂದು ರೈಫಲ್ ಕ್ಲಬ್ ಇತ್ತು. ಬಸ್ಸು ಉತ್ತರಹಳ್ಳಿಯವರೆಗೆ ಮಾತ್ರ, ಅಲ್ಲಿಂದ ರಾಗಿ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಡಿಗೆ. ಮೊದಲ ಭಾನುವಾರ ಬೆವರು ಒರೆಸಿಕೊಳ್ಳುತ್ತ ಒಳಗೆ ಹೋದರೆ ಬೆಂಚಿನ ಹಿಂದೆ ಮೇಡಂ ಕೂತಿದ್ದಾರೆ. ಹತ್ತು ವರ್ಷದಿಂದ ಅಲ್ಲಿನ ಮೆಂಬರ್ ಅಂತೆ. ವಾಪಸ್ಸು ತಿರುಗಿದೆ. ರೇಂಜ್ ನೋಡಿಕೊಳ್ಳುತ್ತಿದ್ದ ನಿವೃತ್ತ ಸುಬೇದಾರರು ಬಿಡಲಿಲ್ಲ. "ಹೆಂಗಸ್ರು ಇರೋದೇ ಇಬ್ರು ಕಣಮ್ಮಾ. ಒಂದೇ ಬೆಂಚಲ್ಲಿ ಕೂತ್ಕೊಳಿ, ಅವ್ರು ಕಲಿಸ್ತಾರೆ" ಎಂದರು. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಲಿಯೋದಾದ್ರೆ ಕೂತ್ಕೊ. ಮಾತಾಡೋದಾದ್ರೆ ಫೋನಿದೆಯಲ್ಲ" ಎಂದರು.

ಕೂತೆ. ಹಟಕ್ಕೆ ಕೂತೆ. ಒಂದಲ್ಲ ಒಂದು ದಿನ ಈಕೆಗಿಂತ ಚೆನ್ನಾಗಿ ಹೊಡೆದು ಆ ಮುಖ ಸಪ್ಪೆಯಾಗುವುದನ್ನು ನೋಡಬೇಕು ಎಂದುಕೊಂಡು ಕೂತೆ.

ಹಿಂದೊಮ್ಮೆ ಮೆಟ್ಟಿಲಿಂದ ಬಿದ್ದು ಮೇಡಂ ಬೆನ್ನಿಗೆ ಪೆಟ್ಟಾಗಿತ್ತು. ನೆಲದ ಮೇಲೆ ಮಲಗಿ ಹೊಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಕೂತು, ಬಂದೂಕನ್ನು ಮರಳಿನ ಚೀಲದ ಮೇಲೆ ಇಟ್ಟು ಹೊಡೆಯುವ ಬೆಂಚ್ ಶೂಟಿಂಗ್ ಹಿಡಿದಿದ್ದರು. ಇದೇನು ಮಹಾ, ಚೀಲವೇ ಬಂದೂಕು ಹೊತ್ತುಕೊಂಡರೆ ನಮ್ಮದೇನು ಕೆಲಸ ಎಂದು ನಾನು ನಕ್ಕಿದ್ದೆ. ಆ ನಗು ಒಂದು ವಾರ ಬಾಳಲಿಲ್ಲ. ಐವತ್ತು ಗಜ ದೂರದ ಕಾಗದಕ್ಕೆ ನಾನು ಐದು ಗುಂಡು ಹೊಡೆದರೆ ಕಡಲೆಪುರಿ ಚೆಲ್ಲಿದ ಹಾಗೆ ಐದು ತೂತು. ಮೇಡಂ ಐದು ಹೊಡೆದರೆ ಒಂದೇ ತೂತು, ಅಂಚು ಸ್ವಲ್ಪ ಹರಿದಿರುತ್ತಿತ್ತು ಅಷ್ಟೇ.

ಬೆಂಚೆಂದರೆ ಮೂರು ಕಲ್ಲು ಕಂಬಗಳ ಮೇಲೆ ಕೂರಿಸಿದ ಚಪ್ಪಡಿ. ನಾಲ್ಕು ಕಾಲಾದರೆ ಎಲ್ಲೋ ಒಂದು ಕಡೆ ಅಲುಗುತ್ತದೆ, ಮೂರಾದರೆ ಅಲುಗುವುದಿಲ್ಲ. ಮುಂದೆ ಎರಕದ ಕಬ್ಬಿಣದ ಒಂದು ಸ್ಟ್ಯಾಂಡು, ಸ್ಕ್ರೂ ತಿರುಗಿಸಿದರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗುವಂಥದ್ದು. ಅದರ ಮೇಲೆ ಚರ್ಮದ ಚೀಲ. ಹಿಂದುಗಡೆ, ಬಂದೂಕಿನ ಬುಡದ ಕೆಳಗೆ, ಮೊಲದ ಕಿವಿಯಂತೆ ಎರಡು ಉಬ್ಬುಗಳಿದ್ದ ಇನ್ನೊಂದು ಚೀಲ. ಎರಡನ್ನೂ ಜಯನಗರದಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ನಿಂತು ಹೊಲಿಸಿದ್ದರು. ಮರಳನ್ನು ತೊಳೆದು, ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಕಲ್ಲಿನಷ್ಟು ಗಟ್ಟಿಯಾಗುವವರೆಗೆ ತುಂಬಿದ್ದರು. ಹೊಡೆಯುವ ಮುಂಚೆ ಎರಡೂ ಚೀಲಗಳ ಮೇಲೆ ಪೌಡರ್ ಉದುರಿಸಿ ಬೆರಳಿನಿಂದ ಸವರುತ್ತಿದ್ದರು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಜಾರುವುದು ಒಂದು ಬೆರಳಿನಗಲವೂ ಅಲ್ಲ. ಆದರೆ ಅಷ್ಟು ದೂರವೂ ಎಲ್ಲೂ ಸಿಕ್ಕಿಕೊಳ್ಳದೆ, ಪ್ರತಿ ಸಲವೂ ಒಂದೇ ದಾರಿಯಲ್ಲಿ ಜಾರಬೇಕು. ಮತ್ತೆ ಮುಂದಕ್ಕೆ ತಳ್ಳಿದರೆ ಮೊದಲು ಇದ್ದ ಜಾಗಕ್ಕೇ ಬಂದು ನಿಲ್ಲಬೇಕು.

"ಬಂದೂಕು ಹಿಡಿಬೇಡ. ಅದು ಓಡಿಹೋಗಲ್ಲ" ಎನ್ನುತ್ತಿದ್ದರು. ಕೆನ್ನೆ ಒತ್ತಿದರೆ ಬೈಗುಳ. ಹೆಬ್ಬೆರಳು ಸುತ್ತಿದರೆ ಬೈಗುಳ. ಹೊಸ ತೋಟಾ ಹಾಕಲು ಬೋಲ್ಟ್ ಎಳೆಯುವಾಗ ನನ್ನ ಭುಜ ಅಲುಗಿದರೆ, "ಏನಮ್ಮಾ, ಒರಳಲ್ಲಿ ಹಿಟ್ಟು ರುಬ್ತಿದೀಯಾ?" ಎಂದು ನಾಲ್ಕು ಬೆಂಚಿನ ಗಂಡಸರಿಗೂ ಕೇಳುವ ಹಾಗೆ ಅನ್ನುತ್ತಿದ್ದರು. ಅವರು ನಗುತ್ತಿದ್ದರು. ನನ್ನ ಕಿವಿ ಕಾದುಹೋಗುತ್ತಿತ್ತು.

ಅವರ ಕೈಗಳನ್ನು ಮಾತ್ರ ನನಗೆ ನೋಡದೆ ಇರಲಾಗುತ್ತಿರಲಿಲ್ಲ. ಮರದ ತುಂಡಿಗೆ ತೂತು ಕೊರೆಸಿ ತೋಟಾಗಳನ್ನು ಸಾಲಾಗಿ ನಿಲ್ಲಿಸಿ, ಅದನ್ನು ಬಂದೂಕಿಗೆ ತೋಟಾ ತುಂಬುವ ಕಿಂಡಿಯ ಮಟ್ಟಕ್ಕೇ, ನಾಲ್ಕು ಬೆರಳಿನ ದೂರದಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೋಲ್ಟ್ ಎತ್ತು, ಎಳೆ, ಖಾಲಿ ಕೊಳವೆ ಹೊರಗೆ, ಹೊಸ ತೋಟಾ ಒಳಗೆ, ಮುಚ್ಚು, ಮುಂದಕ್ಕೆ ತಳ್ಳು... ಇಷ್ಟಕ್ಕೂ ಅವರ ಮೊಣಕೈ ಬೆಂಚು ಬಿಟ್ಟು ಏಳುತ್ತಿರಲಿಲ್ಲ, ಕಣ್ಣು ಬಂದೂಕಿನ ಮೇಲಿನ ದುರ್ಬೀನು ಬಿಟ್ಟು ಕದಲುತ್ತಿರಲಿಲ್ಲ. ಇಪ್ಪತ್ತು ವರ್ಷ ಬೋರ್ಡಿನಲ್ಲಿ ನೋಡದೆ ವೈರು ಚುಚ್ಚಿದ ಕೈ ಅದು. ಅವಸರವೇ ಕಾಣುತ್ತಿರಲಿಲ್ಲ, ಆದರೆ ಐದು ಗುಂಡು ಅರ್ಧ ನಿಮಿಷದೊಳಗೆ ಹೋಗಿರುತ್ತಿದ್ದವು. ಗಾಳಿ ಒಂದೇ ರೀತಿ ಇರುವುದು ಅಷ್ಟು ಹೊತ್ತು ಮಾತ್ರ, ಅಷ್ಟರಲ್ಲಿ ಮುಗಿಸಬೇಕು ಎನ್ನುವುದು ಅವರ ಲೆಕ್ಕ. ಗಾಳಿಗಾಗಿ ಹತ್ತು ನಿಮಿಷ ಬೇಕಾದರೂ ಸುಮ್ಮನೆ ಕಾಯುತ್ತಿದ್ದರು.

ಗಾಳಿ ನೋಡಲು ಮೂರು ಬಾವುಟಗಳಿದ್ದವು. ಬಿದಿರು ಕಡ್ಡಿಗೆ ಕಟ್ಟಿದ, ಜಡೆಗೆ ಹಾಕುವ ಕೆಂಪು ರಿಬ್ಬನ್. ಒಂದು ಬೆಂಚಿನ ಹತ್ತಿರ, ಇನ್ನೊಂದು ನಡುವೆ, ಮೂರನೆಯದು ಟಾರ್ಗೆಟ್ಟಿನ ಪಕ್ಕ, ಎಡಕ್ಕೆ. ಕ್ವಾರಿಯ ಬಂಡೆಗೆ ಬಡಿದು ಗಾಳಿ ಅಲ್ಲಿ ಸುತ್ತಿಕೊಳ್ಳುತ್ತಿತ್ತು. ಮೊದಲ ಎರಡು ಬಲಕ್ಕೆ ಹಾರುತ್ತಿದ್ದರೂ ಮೂರನೆಯದು ಇದ್ದಕ್ಕಿದ್ದ ಹಾಗೆ ಎಡಕ್ಕೆ ತಿರುಗುತ್ತಿತ್ತು. ಹಾಗಾಗಿ ಒಬ್ಬರು ಹೊಡೆಯುವಾಗ ಇನ್ನೊಬ್ಬರು ಪಕ್ಕದ ಸ್ಟೂಲಿನ ಮೇಲೆ ಕೂತು ಗಾಳಿ ಹೇಳುವುದು ಅಲ್ಲಿನ ಪದ್ಧತಿ. ಈ ವಿಷಯದಲ್ಲಿ ಮೇಡಂ ಒಂದು ನಿಯಮ ಮಾಡಿದ್ದರು. ಬೆಂಚಿನ ಮೇಲಿರುವವಳು ಗಾಳಿಯ ಬಗ್ಗೆ ಯೋಚಿಸಬಾರದು. ಪಕ್ಕದವಳು ಹೇಳಿದ್ದೇ ಕೊನೆ, ಅದರ ಮೇಲೆ ವಾದವಿಲ್ಲ.

ಎರಡು ವರ್ಷದಲ್ಲಿ ನನ್ನ ಗುಂಡುಗಳೂ ಹತ್ತಿರ ಹತ್ತಿರ ಬಂದವು. ಒಂದು ಒಳ್ಳೆಯ ಮಾತು ಅವರ ಬಾಯಿಂದ ಬೀಳಲಿಲ್ಲ. ಬೀಳಲಿ ಎಂದು ನಾನು ಕಾಯುತ್ತಿದ್ದೆ, ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ವಾರದ ಆರು ದಿನ ಬೆನ್ನ ಹಿಂದೆ ನಿಂತು ಕೊರೆಯುವವರು, ಏಳನೆಯ ದಿನ ಪಕ್ಕ ಕೂತು ಕೊರೆಯುತ್ತಿದ್ದರು. ಒಂದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆವು, ಅವರು ಮುಂದಿನ ಸೀಟು, ನಾನು ಹಿಂದಿನದು.

ಆ ವರ್ಷ ಕ್ಲಬ್ಬಿನಲ್ಲಿ ಜೋಡಿ ಸ್ಪರ್ಧೆ ಇಟ್ಟರು. ಒಂದೊಂದು ಜೋಡಿಯಲ್ಲಿ ಇಬ್ಬರೂ ಐದೈದು ಗುಂಡು ಹೊಡೆಯಬೇಕು, ಒಬ್ಬರು ಹೊಡೆಯುವಾಗ ಇನ್ನೊಬ್ಬರು ಗಾಳಿ ಹೇಳಬೇಕು. ತೂತುಗಳು ಎಷ್ಟು ಅಗಲ ಹರಡಿವೆ ಎಂದು ಅಳೆದು, ಎರಡೂ ಕಾಗದದ ಅಳತೆ ಕೂಡಿಸಿ ಯಾರದು ಕಡಿಮೆಯೋ ಅವರು ಗೆದ್ದಂತೆ. ಹೆಂಗಸರು ಅಲ್ಲಿ ಯಾವತ್ತೂ ಗೆದ್ದಿರಲಿಲ್ಲ. ನಮಗೆ ಎದುರಾಳಿಗಳೆಂದರೆ ಒಂದು ಕಾರ್ಖಾನೆಯ ಟೂಲ್‌ರೂಮಿನ ಇಬ್ಬರು. ಅವರ ಕಾಗದಗಳು ಆಗಲೇ ಅಳತೆಯಾಗಿದ್ದವು, ಚೆನ್ನಾಗಿಯೇ ಹೊಡೆದಿದ್ದರು.

ಆ ವಾರ ಮತ್ತೆ ರಜೆಯ ವಿಷಯ ಬಂದಿತ್ತು. ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದು ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಅರ್ಜಿಯನ್ನು ಮೇಡಂ ಪೂರ್ತಿ ಓದಿ, ನನ್ನ ಮುಖ ನೋಡದೆ, "ಮುಂದಿನ ತಿಂಗಳು ನೋಡೋಣ" ಎಂದು ಪಕ್ಕಕ್ಕಿಟ್ಟಿದ್ದರು.

ಮೊದಲು ನಾನು ಹೊಡೆದೆ. ಮೇಡಂ ಸ್ಟೂಲಿನ ಮೇಲೆ ಕೂತು ಗಾಳಿ ಹೇಳಿದರು. ಆ ಹೊತ್ತು ಅವರ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. "ತಡಿ... ತಡಿ... ಇನ್ನೂ ಇಲ್ಲ... ಈಗ." ಐದು ಸಲ 'ಈಗ' ಎಂದರು, ಐದು ಸಲವೂ ನಾನು ಕಣ್ಣು ಮುಚ್ಚಿಕೊಂಡು ನಂಬಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಸುಬೇದಾರರು ಕಾಗದ ತಂದು ತೋರಿಸಿದಾಗ ಐದೂ ತೂತುಗಳನ್ನು ಅಂಗಿಯ ಒಂದು ಗುಂಡಿ ಮುಚ್ಚುವಂತಿತ್ತು. ಮೇಡಂ ಅದನ್ನು ನೋಡಿ ತಮ್ಮ ಜಾಗಕ್ಕೆ ಹೋಗಿ ಚೀಲಗಳಿಗೆ ಪೌಡರ್ ಹಾಕತೊಡಗಿದರು.

ನಾನು ಸ್ಟೂಲಿನ ಮೇಲೆ ಕೂತೆ. ಅವರ ನಾಲ್ಕು ಗುಂಡುಗಳು ಒಂದೇ ತೂತಿನಲ್ಲಿ ಹೋದವು. ಐದನೆಯದನ್ನು ಒಳಗೆ ಹಾಕಿ, ಬಂದೂಕು ಮುಂದಕ್ಕೆ ತಳ್ಳಿ, ಬೆರಳ ತುದಿ ಟ್ರಿಗರಿನ ಹತ್ತಿರ ತಂದರು. ಅಷ್ಟರಲ್ಲಿ ಮೂರನೆಯ ಬಾವುಟ ಒಮ್ಮೆ ಸೋತು ಕೆಳಗೆ ಬಿದ್ದು, ಎಡಕ್ಕೆ ತಿರುಗಿ, ಬಿಗಿಯಾಗಿ ಹಾರತೊಡಗಿತು. ನನಗೆ ಸ್ಪಷ್ಟವಾಗಿ ಕಾಣಿಸಿತು.

"ಹೇಗಿದೆ?" ಎಂದು ಮೇಡಂ ಕೇಳಿದರು.

"ಹಾಗೇ ಇದೆ" ಎಂದೆ.

ಇದನ್ನು ನಾನು ಯೋಚಿಸಿ ಹೇಳಿದೆನೇ, ಬಾಯಿ ತಾನಾಗಿ ಹೇಳಿತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಾಯಿಯ ಮೇಲೆ ಹಾಕುವುದು ಸುಲಭ. ಆದರೆ ಹೇಳುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ಇತ್ತು, ಆ ಹೊತ್ತಿನಲ್ಲಿ ನೋಟಿಸ್ ಬೋರ್ಡಿನ ಮೇಲಿದ್ದ ಆ ಕಾಗದ ನನ್ನ ಕಣ್ಣ ಮುಂದೆ ಬಂದಿತ್ತು. ಯೋಚಿಸಿಯೇ ಹೇಳಿದ್ದು.

ಮೇಡಂ ತಕ್ಷಣ ಹೊಡೆಯಲಿಲ್ಲ. ಆಮೇಲೆ ಗುಂಡು ಹಾರಿತು. ಐದನೆಯ ತೂತು ಉಳಿದ ನಾಲ್ಕನ್ನು ಬಿಟ್ಟು ಒಂದು ಉಗುರಿನಗಲ ಎಡಕ್ಕೆ ಹೋಗಿ ಒಂಟಿಯಾಗಿ ಕೂತಿತ್ತು. ಅಷ್ಟೇ ಸಾಕಾಯಿತು, ಸೋತೆವು. "ಛೆ, ಗಾಳಿ ಕೆಡಿಸ್ತು ಮೇಡಂ" ಎಂದು ಟೂಲ್‌ರೂಮಿನವರು ಅಂದರು. "ಹೌದು" ಎಂದು ಮೇಡಂ ಚೀಲ ಎತ್ತಿಕೊಂಡರು.

ನಾನು ಬಯಸಿದ್ದ ಸಪ್ಪೆ ಮುಖ ಆವತ್ತು ಸಿಗಲಿಲ್ಲ. ಉತ್ತರಹಳ್ಳಿಯ ಬಸ್ ಸ್ಟಾಪಿನವರೆಗೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ಬಂದೆವು. ಬಸ್ಸಿಗೆ ಕಾಯುವಾಗ, ರಸ್ತೆ ನೋಡುತ್ತಲೇ ಮೇಡಂ ಹೇಳಿದರು.

"ಬಾವುಟ ತಿರುಗಿದ್ದು ನಂಗೂ ಕಾಣ್ತು."

"ಮತ್ತೆ ಯಾಕೆ ಹೊಡೆದ್ರಿ ಮೇಡಂ?"

"ನೀನು ಹಾಗೇ ಇದೆ ಅಂದ್ಯಲ್ಲ."

ಬಸ್ಸು ಬಂತು. ಅವರು ಮುಂದಿನ ಬಾಗಿಲಿನಿಂದ ಹತ್ತಿದರು. ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆ ಅಲ್ಲೇ ನಿಂತಿದ್ದೆ.

ಸುಳ್ಳು ಹೇಳುತ್ತಿದ್ದಾರೆ, ಸೋತದ್ದಕ್ಕೆ ಜಂಬದ ಮಾತು ಎಂದು ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಕಣ್ಣು ದುರ್ಬೀನಿಗೆ ಅಂಟಿಸಿ ಕೂತವರಿಗೆ ಬಾವುಟ ಹೇಗೆ ಕಾಣುತ್ತದೆ? ಮುಂದಿನ ಭಾನುವಾರ ಒಬ್ಬಳೇ ಹೋಗಿ ಅವರ ಜಾಗದಲ್ಲಿ ಕೂತೆ. ಬಲಗಣ್ಣು ದುರ್ಬೀನಿಗಿಟ್ಟು, ಅವರ ಹಾಗೆ ಎಡಗಣ್ಣನ್ನೂ ತೆರೆದೇ ಇಟ್ಟುಕೊಂಡೆ. ನಾನು ಯಾವಾಗಲೂ ಎಡಗಣ್ಣು ಮುಚ್ಚಿ ಹೊಡೆಯುತ್ತಿದ್ದವಳು. ಟಾರ್ಗೆಟ್ಟಿನ ಎಡಕ್ಕೆ, ಕಣ್ಣಂಚಿನಲ್ಲಿ, ಮೂರನೆಯ ಬಾವುಟದ ಕೆಂಪು ಪಟಪಟ ಎನ್ನುತ್ತಿತ್ತು. ಅವರಿಗೆ ಕಂಡಿತ್ತು. ಕಂಡ ಮೇಲೂ ನನ್ನ ಮಾತಿನ ಮೇಲೆ ಹೊಡೆದಿದ್ದರು.

ಹಾಗೆ ಹೊಡೆದದ್ದು ನಿಯಮವೆಂದೇ, ನನ್ನನ್ನು ಪರೀಕ್ಷೆ ಮಾಡಿದ್ದೇ, ಜೀವನಪೂರ್ತಿ ಚುಚ್ಚುತ್ತಿರಲಿ ಎಂದು ಬೇಕೆಂದೇ ಸೋತದ್ದೇ... ಇವತ್ತಿಗೂ ನನಗೆ ಗೊತ್ತಿಲ್ಲ. ಮೂರನೆಯದೇ ಆಗಿದ್ದರೂ ಆಶ್ಚರ್ಯವಿಲ್ಲ, ಅಂಥವರೇ ಅವರು. ಸತ್ತವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡುವ ಅಭ್ಯಾಸ ನನಗಿಲ್ಲ.

ಮೇಡಂ ಮತ್ತೆ ಕ್ವಾರಿಗೆ ಬರಲಿಲ್ಲ. ಚೀಲ, ಸ್ಟ್ಯಾಂಡು ಎಲ್ಲವನ್ನೂ ಸುಬೇದಾರರಿಗೆ ಕೊಟ್ಟುಬಿಟ್ಟರಂತೆ. ಬೆನ್ನು ನೋವು ಎಂದು ಕಾರಣ ಹೇಳಿದ್ದರು. ನಾನೂ ಸ್ವಲ್ಪ ದಿನ ಹೋಗಿ ಬಿಟ್ಟೆ. ಪಕ್ಕದ ಸ್ಟೂಲಿನಿಂದ ಯಾರು ಗಾಳಿ ಹೇಳಿದರೂ ನನಗೆ ನಂಬಿಕೆ ಬರುತ್ತಿರಲಿಲ್ಲ. ಆಫೀಸಿನಲ್ಲಿ ಅವರು ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅದೇ ಚಪ್ಪಲಿ, ಅದೇ 'ಇಪ್ಪತ್ತೇಳು'. ರಜೆಯನ್ನು ಹೇಳಿದಂತೆ ಮುಂದಿನ ತಿಂಗಳೇ ಕೊಟ್ಟರು, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಬೈದಿದ್ದರೆ, ಬೇರೆ ಕಡೆ ಎತ್ತಿಹಾಕಿದ್ದರೆ, ನನಗೂ ಸಮಾಧಾನವಾಗುತ್ತಿತ್ತು. ಎಂಬತ್ತರ ದಶಕದಲ್ಲಿ ಜನ ತಾವೇ ನಂಬರ್ ತಿರುಗಿಸಿ ಬೇರೆ ಊರಿಗೆ ಮಾತಾಡುವಂತಾಯಿತು, ನಮ್ಮ ಬೋರ್ಡುಗಳು ಒಂದೊಂದಾಗಿ ಹೋದವು, ನಾವೂ ಬೇರೆ ಬೇರೆ ಸೆಕ್ಷನ್ನುಗಳಿಗೆ ಚೆದುರಿದೆವು. ಮೇಡಂ ನಿವೃತ್ತರಾದ ದಿನ ನಾನು ರಜೆ ಹಾಕಿದ್ದೆ.

ಒಮ್ಮೆ ಮಾತ್ರ ಆಮೇಲೆ ನೋಡಿದ್ದೆ. ಜಯನಗರ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ, ಸೊಪ್ಪಿನ ಅಂಗಡಿಯ ಮುಂದೆ. ದಂಟಿನ ಕಟ್ಟನ್ನು ಎತ್ತಿ ಬುಡ ನೋಡುತ್ತಿದ್ದರು. ತಲೆ ಎತ್ತಿದವರು ನನ್ನನ್ನು ನೋಡಿದರು. ನಾಲ್ಕು ಹೆಜ್ಜೆ ದೂರ. ಹೋಗಿ ಹೇಳಿಬಿಡಬಹುದಿತ್ತು. ನಾನು ಹೂವಿನ ಸಾಲಿನ ಕಡೆ ತಿರುಗಿ ಹೊರಗೆ ಬಂದೆ.

ಕೇರಂ ಆಟದ ಆ ಸಂಜೆಯಾದ ಮೇಲೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಬೋರ್ಡಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಫೋನ್ ಮಾಡಿ, "ಮೇಡಂ ಎಲ್ಲಿದ್ದಾರೆ, ಗೊತ್ತಾ?" ಎಂದು ಕೇಳಿದೆ. "ಅಯ್ಯೋ, ನಿಂಗೆ ಗೊತ್ತಿಲ್ವಾ? ಹೋಗಿ ಮೂರು ತಿಂಗಳಾಯ್ತಲ್ಲೇ. ತೊಂಬತ್ತಾಗಿತ್ತು" ಎಂದಳು.

ಆದರೂ ಹೋದೆ. ಹಳೆಯ ಮನೆ ಹೋಗಿ ಅಲ್ಲಿ ನಾಲ್ಕು ಮಹಡಿ ಎದ್ದಿದೆ. ಬಾಗಿಲು ತೆರೆದವರು ಅಣ್ಣನ ಮಗಳು, ಐವತ್ತರ ಆಸುಪಾಸು. ಒಳಗೆ ಕರೆದು ಕೂರಿಸಿದರು. ಕೊನೆಯ ಎರಡು ವರ್ಷ ಅತ್ತೆ ಹಾಸಿಗೆ ಹಿಡಿದಿದ್ದರು, ಬಾಯಿ ಮಾತ್ರ ಕಡೆಯವರೆಗೂ ಜೋರು ಎಂದು ನಕ್ಕರು. ಆಮೇಲೆ ಕೇಳಿದರು.

"ನೀವು ಅತ್ತೆ ಫ್ರೆಂಡಾ ಆಂಟಿ?"

"ಅಲ್ಲಮ್ಮ" ಎಂದೆ. "ಒಂದೇ ಬೆಂಚಲ್ಲಿ ಬಂದೂಕು ಹೊಡೀತಿದ್ವಿ."

ಆಕೆಗೆ ಅರ್ಥವಾಗಲಿಲ್ಲ. ಅತ್ತೆ ಗುರಿ ಹೊಡೆಯುತ್ತಿದ್ದದ್ದೇ ಆ ಮನೆಯಲ್ಲಿ ಈಗಿರುವವರಿಗೆ ಗೊತ್ತಿಲ್ಲ. ನಾನು ಹೇಳಿದೆ. ಚೀಲ, ಮರಳು, ಕೈಗಳು, ಒಂದೇ ತೂತು, ಎಲ್ಲ ಹೇಳಿದೆ. ಸ್ಪರ್ಧೆಯ ವಿಷಯ ಬಂದಾಗ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಇಷ್ಟು ವರ್ಷ ಗಂಡನಿಗೂ ಹೇಳದೆ ಇದ್ದದ್ದನ್ನು ಮುಖ ಪರಿಚಯವಿಲ್ಲದ ಆ ಹೆಂಗಸಿಗೆ ಪೂರ್ತಿ ಹೇಳಿದೆ.

ಆಕೆ, "ಆಮೇಲೆ ನೀವು ಸಾರಿ ಕೇಳಿದ್ರಾ?" ಎಂದರು.

"ಇಲ್ಲ. ಅವರೂ ನನ್ನನ್ನ ಕೇಳ್ಲಿಲ್ಲ."

ಆಕೆ ಎದ್ದು ಕಾಫಿ ತರಲು ಒಳಗೆ ಹೋದರು. ತಂದದ್ದನ್ನು ಕುಡಿದೆ. ಕುಂಕುಮ ಕೊಟ್ಟರು, ಕೆಳಗಿನವರೆಗೆ ಬಂದು ಆಟೋ ಹತ್ತಿಸಿದರು. ಗೇಟಿನ ಹತ್ತಿರ ಆಕೆ ಕೈ ಬೀಸಿದಾಗ ಮಾತ್ರ ಮಣಿಕಟ್ಟು ಅತ್ತೆಯದರ ಹಾಗೆಯೇ ಇದೆ ಎಂದು ಅನ್ನಿಸಿತು.

ಆಟೋ ಜೆ.ಪಿ. ನಗರದ ದಾರಿಯಲ್ಲಿ ಒಂದು ಸಿಗ್ನಲ್ಲಿಗೆ ನಿಂತಿತು. ಮೇಡಂ ಮೇಲೆ ನಲವತ್ತೈದು ವರ್ಷದಿಂದ ಇಟ್ಟುಕೊಂಡಿದ್ದ ಸಿಟ್ಟು ಇಳಿದಿದೆಯೇ ಎಂದು ಒಳಗೆ ನೋಡಿಕೊಂಡೆ. ಇಳಿದಿರಲಿಲ್ಲ. ಇದ್ದಷ್ಟೇ ಇತ್ತು. ಅದನ್ನು ಹೊತ್ತುಕೊಂಡು ಇನ್ನು ಯಾರ ಎದುರಿಗೆ ಹೋಗಿ ನಿಲ್ಲಲಿ ಎನ್ನುವುದು ಮಾತ್ರ ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದ ಆಟೋದವನು, "ಯಾಕಮ್ಮಾ, ಅಳ್ತಿದೀರಾ? ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದ.

"ಹೂಂ," ಎಂದೆ, "ನಮ್ಮ ಮೇಡಂ."